ಗಾಳಕ್ಕೆ ಬಿದ್ದ ಪುಟ್ಟ ಮಸ್ಕಿ: ನಂಬಿಕೆ ಎಷ್ಟು, ನಿಜ ಎಷ್ಟು?

ಅಮೆರಿಕದ ವಿಸ್ಕಾನ್ಸಿನ್, ಮಿನ್ನೆಸೋಟ ಮತ್ತು ಕೆನಡಾದ ಒಂಟಾರಿಯೊ ಸೀಮೆಯಲ್ಲಿ ಗಾಳ ಹಾಕುವವರಿಗೆ ಮಸ್ಕಿ ಎಂದರೆ ದೊಡ್ಡ ಮೀನು, ಅಷ್ಟೆ. ಪೂರ್ತಿ ಹೆಸರು ಮಸ್ಕೆಲಂಜ್. ಪೈಕ್ ಮೀನುಗಳ ಕುಟುಂಬದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಹತ್ತು ಸಾವಿರ ಸಲ ಗಾಳ ಬೀಸಿದರೆ ಒಂದು ಸಿಗುತ್ತದೆ ಎಂಬ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. 1955ರಿಂದ ಅದು ವಿಸ್ಕಾನ್ಸಿನ್‌ನ ರಾಜ್ಯಮೀನು. ಆ ರಾಜ್ಯದ ಹೇವರ್ಡ್ ಊರಿನ ಬಳಿ 1949ರಲ್ಲಿ ಕ್ಯಾಲ್ ಜಾನ್ಸನ್ ಹಿಡಿದ 67 ಪೌಂಡ್ 8 ಔನ್ಸ್ ತೂಕದ ಮೀನು, ಅಂದರೆ 30 ಕಿಲೊಗೂ ಮೀರಿದ್ದು, ಇಂಟರ್‌ನ್ಯಾಷನಲ್ ಗೇಮ್ ಫಿಶ್ ಅಸೋಸಿಯೇಷನ್‌ನ ಪಟ್ಟಿಯಲ್ಲಿ ವಿಶ್ವದಾಖಲೆಯಾಗಿ ನಿಂತಿದೆ. ಅಂಥ ಮೀನಿನ ಆಸೆಯಲ್ಲಿ ಹೊರಟವರ ಗಾಳಕ್ಕೆ ಒಂದಡಿ, ಒಂದೂವರೆ ಅಡಿಯ ಮಸ್ಕಿ ಸಿಕ್ಕಿಬಿಟ್ಟರೆ ದೋಣಿಯಲ್ಲಿ ನಗು ಏಳುತ್ತದೆ. ನಗಲಿ, ತೊಂದರೆಯಿಲ್ಲ. ಆದರೆ ಆ ಪುಟ್ಟ ಮೀನಿನ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳು ಅದರ ಪ್ರಾಣಕ್ಕೇ ಎರವಾಗುತ್ತವೆ. ಅದಕ್ಕೇ ಇಷ್ಟು ಬರೆಯಬೇಕಾಯಿತು.

ಮೊದಲನೆಯದು, ದೊಡ್ಡ ಲೂರ್ (ಕೃತಕ ಎರೆ) ಕಟ್ಟಿದರೆ ದೊಡ್ಡ ಮೀನೇ ಬರುತ್ತದೆ, ಚಿಕ್ಕದು ಹೆದರಿ ದೂರ ಹೋಗುತ್ತದೆ ಎಂಬ ಮಾತು. ಮಸ್ಕಿಯ ಬಾಲ್ಯ ಗೊತ್ತಿದ್ದರೆ ಇದನ್ನು ಒಪ್ಪಲಾಗದು. ಮೊಟ್ಟೆಯೊಡೆದ ಮರಿ ನೀರಿನ ಸೂಕ್ಷ್ಮಜೀವಿಗಳನ್ನು ತಿನ್ನುವುದು ಕೆಲವು ದಿನ ಮಾತ್ರ. ಆಮೇಲೆ ಅದಕ್ಕೆ ಬೇಕಾದದ್ದು ಬೇರೆ ಮೀನುಗಳ ಮರಿ. ಸಿಗದಿದ್ದರೆ ಒಡಹುಟ್ಟಿದವನ್ನೇ ನುಂಗುತ್ತದೆ. ಮೀನುಮರಿ ಪಾಲನಾ ಕೇಂದ್ರಗಳಲ್ಲಿ ಹೊತ್ತು ಹೊತ್ತಿಗೆ ಮೇವು ಕೊಡದಿದ್ದರೆ ತೊಟ್ಟಿಯಲ್ಲಿ ಮರಿಗಳ ಸಂಖ್ಯೆ ಇಳಿಯುವುದು ಇದೇ ಕಾರಣಕ್ಕೆ. ತನ್ನ ಉದ್ದದ ಕಾಲುಭಾಗ, ಮೂರನೇ ಒಂದು ಭಾಗದ ಬೇಟೆ ಅದಕ್ಕೆ ಮಾಮೂಲು. ಅರ್ಧದಷ್ಟು ಉದ್ದದ ಮೀನನ್ನೂ ಅದು ಬಿಡುವುದಿಲ್ಲ. ಕಳೆಯ ಮರೆಯಲ್ಲಿ ಅಲುಗದೆ ನಿಂತು, ಎದುರು ಸುಳಿದದ್ದರ ಮೇಲೆ ಒಮ್ಮೆಲೇ ಎರಗುವ ಸ್ವಭಾವ ಗಾತ್ರ ಬಂದ ಮೇಲೆ ಕಲಿತದ್ದಲ್ಲ. ಹಾಗಾಗಿ ಎಂಟು ಅಂಗುಲದ ಲೂರ್‌ಗೆ ಹದಿನೈದು ಅಂಗುಲದ ಮಸ್ಕಿ ಕಚ್ಚಿದರೆ ಅದರಲ್ಲಿ ವಿಚಿತ್ರವೇನೂ ಇಲ್ಲ.

ಇದಕ್ಕಿಂತ ಹಾನಿ ಮಾಡುವುದು ಇನ್ನೊಂದು ಭ್ರಮೆ: ಇಷ್ಟು ಚಿಕ್ಕದು ಮಸ್ಕಿ ಆಗಿರಲಾರದು, ಅದೇ ಕುಟುಂಬದ ನಾರ್ದರ್ನ್ ಪೈಕೇ ಇರಬೇಕು ಎನ್ನುವುದು. ಉತ್ತರ ವಿಸ್ಕಾನ್ಸಿನ್‌ನ ಬಹುಪಾಲು ನೀರಿನಲ್ಲಿ ನಾರ್ದರ್ನ್ ಪೈಕ್ ಹಿಡಿದಿಟ್ಟುಕೊಳ್ಳಲು ಕನಿಷ್ಠ ಅಳತೆಯ ಕಟ್ಟುಪಾಡಿಲ್ಲ. ಮಸ್ಕಿಗೆ ರಾಜ್ಯದ ಸಾಮಾನ್ಯ ನಿಯಮ 40 ಅಂಗುಲ, ಕೆಲವು ಸರೋವರಗಳಲ್ಲಿ 50. ಮಿನ್ನೆಸೋಟದಲ್ಲಿ ಅದು 54 ಅಂಗುಲ, ಹತ್ತಿರ ಹತ್ತಿರ 137 ಸೆಂಟಿಮೀಟರ್. ಅಂದರೆ ಗುರುತು ತಪ್ಪಿದರೆ ಕಾನೂನೂ ತಪ್ಪಿತು, ಮೀನೂ ಬಾಣಲೆ ಸೇರಿತು.

ಗುರುತಿಸುವುದು ಕಷ್ಟವಲ್ಲ, ಆದರೆ ಹತ್ತಿರದಿಂದ ನೋಡಬೇಕು. ಪೈಕ್‌ನ ಮೈ ಗಾಢ ಹಸಿರು, ಅದರ ಮೇಲೆ ತಿಳಿ ಚುಕ್ಕೆ. ಮಸ್ಕಿಯದು ಇದರ ತಿರುವುಮುರುವು: ತಿಳಿ ಮೈ, ಗಾಢ ಪಟ್ಟೆ ಅಥವಾ ಚುಕ್ಕೆ. ಮರಿಗಳ ವಿಷಯದಲ್ಲಿ ಇದನ್ನೊಂದೇ ನಂಬಿದರೆ ಮೋಸ ಹೋಗುತ್ತೇವೆ, ಏಕೆಂದರೆ ಎಳೆಯ ಪೈಕ್‌ಗೂ ಮೈಮೇಲೆ ಓರೆ ಪಟ್ಟೆಗಳಿರುತ್ತವೆ. ಅವು ಒಡೆದು ಚುಕ್ಕೆಗಳಾಗುವುದು ಬೆಳೆದ ಮೇಲೆ. ಮಸ್ಕಿಗಳಲ್ಲೂ ಕೆಲವಕ್ಕೆ ಗುರುತುಗಳು ಕಂಡೂ ಕಾಣದಷ್ಟು ಮಾಸಿರುತ್ತವೆ. ಆಗ ಮೀನನ್ನು ನೀರಿನಲ್ಲೇ ತುಸು ಹೊರಳಿಸಿ ಕೆಳದವಡೆಯ ಅಡಿಭಾಗ ನೋಡಿ. ದವಡೆಯ ಅಂಚಿನುದ್ದಕ್ಕೂ ಸೂಜಿ ಚುಚ್ಚಿದಂಥ ಸಣ್ಣ ರಂಧ್ರಗಳ ಸಾಲು ಕಾಣುತ್ತದೆ. ಒಂದು ಬದಿಯಲ್ಲಿ ಆರರಿಂದ ಒಂಬತ್ತಿದ್ದರೆ ಮಸ್ಕಿ. ಐದು ಅಥವಾ ಅದಕ್ಕೂ ಕಡಿಮೆ ಇದ್ದರೆ ಸಾಮಾನ್ಯವಾಗಿ ಪೈಕ್. ಇನ್ನೂ ಅನುಮಾನವಿದ್ದರೆ ಕೆನ್ನೆ ನೋಡಿ: ಪೈಕ್‌ನ ಇಡೀ ಕೆನ್ನೆಯ ಮೇಲೆ ಹುರುಪೆ ಇರುತ್ತದೆ, ಮಸ್ಕಿಗೆ ಮೇಲಿನ ಅರ್ಧಕ್ಕೆ ಮಾತ್ರ. ಬಾಲದ ತುದಿ ಪೈಕ್‌ಗೆ ದುಂಡು, ಮಸ್ಕಿಗೆ ಚೂಪು. ಎರಡರ ಮಿಶ್ರತಳಿಯಾದ ಟೈಗರ್ ಮಸ್ಕಿ ಎಂಬುದೊಂದಿದೆ. ಹುಲಿಪಟ್ಟೆ ಎದ್ದು ಕಾಣುತ್ತದೆ, ಬಾಲ ದುಂಡಗಿರುತ್ತದೆ, ಸಂತಾನಶಕ್ತಿ ಇರುವುದಿಲ್ಲ.

ಚಿಕ್ಕದೆಂದರೆ ಎಳೆಯದು ಎಂಬ ಎಣಿಕೆಯೂ ಅರ್ಧ ಸತ್ಯ. ಒಂದಡಿಯ ಮಸ್ಕಿ ನಿಜಕ್ಕೂ ಮರಿ. ವಸಂತದಲ್ಲಿ ಹುಟ್ಟಿದ್ದು ಚಳಿ ಬೀಳುವ ಹೊತ್ತಿಗೆ 10-12 ಅಂಗುಲ ಮುಟ್ಟುತ್ತದೆ. ಆದರೆ 32 ಅಂಗುಲದ ಮೀನನ್ನು ಮರಿ ಎಂದು ತಳ್ಳಿಹಾಕುವಂತಿಲ್ಲ. ಗಂಡು ಮಸ್ಕಿ ಹೆಣ್ಣಿಗಿಂತ ಬೇಗ ಬಲಿಯುತ್ತದೆ, ಹೆಣ್ಣಿನಷ್ಟು ಬೆಳೆಯುವುದಿಲ್ಲ. 50 ಅಂಗುಲ ದಾಟಿದ ಮೀನುಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ. ದೋಣಿಯವರು ಮರಿ ಎಂದುಕೊಂಡದ್ದು ಆಗಲೇ ಒಂದೆರಡು ವಸಂತ ಸಂತಾನೋತ್ಪತ್ತಿಯಲ್ಲಿ ಪಾಲ್ಗೊಂಡ ಗಂಡಾಗಿರಬಹುದು. ಮೇವು ಕಡಿಮೆ ಇರುವ ಸಣ್ಣ ಸರೋವರಗಳಲ್ಲಂತೂ ಪ್ರಾಯದ ಮೀನೂ ದೊಡ್ಡ ಗಾತ್ರಕ್ಕೆ ಬಾರದು.

ಹಾಗಾದರೆ ಇಷ್ಟು ಚಿಕ್ಕವು ಗಾಳಕ್ಕೆ ಬೀಳುವುದೇ ಅಪರೂಪ ಏಕೆ? ಒಂದು ಸಿಕ್ಕರೆ ಸರೋವರ ಹಾಳಾಗಿದೆ, ಮೀನು ಕುಬ್ಜವಾಗುತ್ತಿದೆ ಎಂದು ಕೆಲವರು ತೀರ್ಮಾನಕ್ಕೆ ಬಂದುಬಿಡುತ್ತಾರೆ. ಒಂದೆರಡು ಮೀನಿನಿಂದ ಅಂಥ ತೀರ್ಪು ಕೊಡಲಾಗದು. ಮಸ್ಕಿ ಮೊದಲಿಗೇ ವಿರಳ. ಒಳ್ಳೆಯ ಸರೋವರದಲ್ಲೂ ಬೆಳೆದ ಮೀನು ಎಕರೆಗೆ ಒಂದಕ್ಕಿಂತ ಕಡಿಮೆ. ಒಂದು ಹೆಣ್ಣು ಹತ್ತಾರು ಸಾವಿರದಿಂದ ಲಕ್ಷ ಮೀರಿ ಮೊಟ್ಟೆ ಇಡುತ್ತದೆ, ನಿಜ. ಆದರೆ ಇಟ್ಟು ಹೋದ ಮೇಲೆ ತಿರುಗಿ ನೋಡುವುದಿಲ್ಲ. ತಳದ ಕೆಸರಿಗೆ ಇಳಿದ ಮೊಟ್ಟೆಗೆ ಆಮ್ಲಜನಕ ಸಾಲದಿದ್ದರೆ ಅಲ್ಲೇ ಕೊನೆ. ಪೈಕ್ ಇನ್ನೂ ತಣ್ಣಗಿರುವ ನೀರಿನಲ್ಲೇ, ಮಸ್ಕಿಗಿಂತ ಮುಂಚೆ ಮೊಟ್ಟೆಯಿಡುತ್ತದೆ. ಮಸ್ಕಿಯ ಮರಿ ಹೊರಬರುವ ವೇಳೆಗೆ ಪೈಕ್ ಮರಿ ಅದನ್ನು ನುಂಗುವಷ್ಟು ಬೆಳೆದಿರುತ್ತದೆ. ಬಾಸ್ ಮೀನು, ಕೊಕ್ಕರೆ, ದೊಡ್ಡ ಮಸ್ಕಿ ಎಲ್ಲವೂ ಉಳಿದದ್ದಕ್ಕೆ ಬಾಯಿ ಹಾಕುತ್ತವೆ. ಇಷ್ಟೆಲ್ಲ ದಾಟಿದ ಮರಿ ದಡದ ಕಳೆಯೊಳಗೆ ಅಡಗಿರುತ್ತದೆ, ಗಾಳದವರು ಹೊರಗಿನ ಆಳ ನೀರಿನಲ್ಲಿ ದೊಡ್ಡದಕ್ಕೆ ಹೊಂಚುಹಾಕಿರುತ್ತಾರೆ. ಸಿಕ್ಕ ಮರಿ ಆ ನೀರಿನಲ್ಲೇ ಹುಟ್ಟಿದ್ದೋ, ಹಿಂದಿನ ಶರತ್ಕಾಲದಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆ ಬಿತ್ತನೆ ಮಾಡಿದ್ದೋ ಎಂಬುದು ನೋಟಕ್ಕೆ ತಿಳಿಯದು. ಏನೇ ಆಗಲಿ, ಹೊಸ ತಲೆಮಾರು ಬದುಕಿದೆ ಎಂಬುದಕ್ಕೆ ಅದು ಸಾಕ್ಷಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಆ ಸರೋವರದಿಂದ ಬೇರೆ ಬರಬೇಕಿಲ್ಲ.

ಬೇಸಿಗೆಯ ಕೊನೆಗೆ ಮಸ್ಕಿಯ ಹಲ್ಲು ಉದುರಿ ಕಚ್ಚುವುದನ್ನೇ ಬಿಡುತ್ತದೆ ಎಂಬ ಹಳೆಯ ಮಾತೂ ಇದೆ. ಅದು ಸುಳ್ಳು. ಹಲ್ಲು ವರ್ಷವಿಡೀ ಒಂದೊಂದಾಗಿ ಬಿದ್ದು ಹೊಸದು ಬರುತ್ತಲೇ ಇರುತ್ತದೆ.

ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು: ಚಿಕ್ಕ ಮೀನು ಗಟ್ಟಿ, ಕಿತ್ತು ಎಸೆದರೆ ಬದುಕಿಕೊಳ್ಳುತ್ತದೆ ಎನ್ನುವುದು. ದೊಡ್ಡ ಮೀನಿಗೆಂದು ಕಟ್ಟಿದ ಮೂರು ಕವಲಿನ ಗಾಳ ಚಿಕ್ಕ ಮೀನಿನ ಕಣ್ಣಿಗೂ ಕಿವಿರಿಗೂ ಒಟ್ಟಿಗೇ ಸಿಕ್ಕಿಕೊಳ್ಳುವಷ್ಟು ದೊಡ್ಡದು. ಒಣಗೈಯಲ್ಲಿ, ಒಣ ಟವೆಲಿನಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗುತ್ತದೆ. ಸೋಂಕನ್ನು ತಡೆಯುವುದು ಆ ಲೋಳೆಯೇ. ನೀರು 27 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಹೋರಾಡಿ ಸೋತ ಮೀನು ಈಜಿಕೊಂಡು ಹೋದಂತೆ ಕಂಡರೂ ಆಮೇಲೆ ಸಾಯಬಹುದು.

ಮಿನ್ನಿಯಾಪೊಲಿಸ್, ಮಿಲ್ವಾಕಿ, ಟೊರಾಂಟೊ ಕಡೆ ನೆಲೆಸಿ, ವಾರಾಂತ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಸರೋವರಕ್ಕೆ ಹೋಗುವ ಕನ್ನಡಿಗರಲ್ಲಿ ಒಂದು ಕೋರಿಕೆ. ಉದ್ದ ಮೂತಿಯ ಕಟರ್ ಪ್ಲೈಯರ್ ಮತ್ತು ರಬ್ಬರ್ ಲೇಪದ ಬಲೆ ಇಲ್ಲದೆ ಮಸ್ಕಿ ಇರುವ ನೀರಿಗೆ ಇಳಿಯಬೇಡಿ. ಮೀನು ಬಲೆಯಲ್ಲಿ, ಬಲೆ ನೀರಿನಲ್ಲಿ ಇರಲಿ. ಗಾಳದ ಕೊಂಡಿ ಬಿಡಿಸಲು ಬಾರದಿದ್ದರೆ ಅದನ್ನೇ ಕತ್ತರಿಸಿ. ಲೂರ್‌ಗೆ ಹೊಸ ಕೊಂಡಿ ಹಾಕಿಕೊಳ್ಳಬಹುದು. ಫೋಟೊ ಬೇಕಿದ್ದರೆ ಕ್ಯಾಮೆರಾ ಸಿದ್ಧವಾದ ಮೇಲೆ ಒದ್ದೆ ಕೈಯಲ್ಲಿ, ಅಡ್ಡಲಾಗಿ, ಕ್ಷಣಹೊತ್ತು ಎತ್ತಿ ಮತ್ತೆ ನೀರಿಗೆ ಬಿಡಿ. ಪೈಕೋ ಮಸ್ಕಿಯೋ ತಿಳಿಯದಿದ್ದರೆ ಮಸ್ಕಿ ಎಂದೇ ಭಾವಿಸಿ ಬಿಟ್ಟುಬಿಡಿ.