ನಡುದಾರಿಯಲ್ಲಿ ಕಾರಿನ ಉಸಿರು ಕಟ್ಟಿದರೆ...

"ಕಾರಿನ ವಿಷಯ ನಮಗ್ಯಾಕೆ, ಅದೆಲ್ಲ ಯಜಮಾನರು ನೋಡ್ಕೋತಾರೆ" ಎನ್ನಬೇಡಿ ಸೋದರಿ. ನಂಜನಗೂಡಿನ ದೊಡ್ಡ ಜಾತ್ರೆಗೆ ಬಂದ ನೆಂಟರನ್ನೆಲ್ಲ ಕೂರಿಸಿಕೊಂಡು ತಿ. ನರಸೀಪುರದ ಸಂಗಮಕ್ಕೆ ಹೊರಟಿದ್ದೀರಿ ಎನ್ನೋಣ. ಕಬ್ಬಿನ ಟ್ರ್ಯಾಕ್ಟರನ್ನು ಹಿಂದೆ ಹಾಕುವ ಹೊತ್ತಿಗೇ ಡೀಸೆಲ್ ಕಾರು ಸೊರಗಿತು. ಎಷ್ಟು ತುಳಿದರೂ ಓಟವಿಲ್ಲ, ಎದುರಿಗೆ ಬಸ್ಸು! ಹೇಗೋ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲದ ಹಾಗೆ ಓಡುತ್ತದೆ. ಮಾರನೆಯ ದಿನ ವರ್ಕ್‌ಶಾಪಿಗೆ ಒಯ್ದರೆ "ಚೆನ್ನಾಗೇ ಇದೆಯಲ್ಲಮ್ಮ" ಅನ್ನುತ್ತಾರೆ. ಇಲ್ಲವೇ "ಟರ್ಬೋನೇ ಬದಲಾಯಿಸಬೇಕು" ಎಂದು ಸಾವಿರಾರು ರೂಪಾಯಿಯ ಲೆಕ್ಕ ಹೇಳುತ್ತಾರೆ. ಎರಡಕ್ಕೂ ತಲೆಯಾಡಿಸುವ ಮುಂಚೆ ಇದನ್ನು ಓದಿ.

ಟರ್ಬೋ ಎಂಬ ಊದುಗೊಳವೆ

ಸೌದೆ ಒಲೆಗೆ ಊದುಗೊಳವೆಯಿಂದ ಊದಿದರೆ ಉರಿ ಏಳುತ್ತದಲ್ಲ, ಟರ್ಬೋ ಮಾಡುವುದೂ ಅದನ್ನೇ. ಎಂಜಿನ್ನಿನಿಂದ ಹೊರಬರುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ ಪೇಟೆಂಟ್ ಪಡೆದ ಉಪಾಯವಿದು.

ಆ ಗಾಳಿಯ ಒತ್ತಡ ಹೆಚ್ಚುಕಡಿಮೆ ನಿಮ್ಮ ಕುಕ್ಕರಿನೊಳಗಿನ ಒತ್ತಡದಷ್ಟೇ. ಕುಕ್ಕರಿನ ಗ್ಯಾಸ್ಕೆಟ್ ಹಳತಾಗಿದ್ದರೆ ತಣ್ಣಗಿರುವಾಗ ಗೊತ್ತಾಗುತ್ತದೆಯೇ? ಇಲ್ಲ. ಒತ್ತಡ ಏರಿದ ಮೇಲೇ ಬುಸ್ ಎನ್ನುತ್ತದೆ. ಕಾರಿನ ಗಾಳಿಯ ರಬ್ಬರ್ ಪೈಪು ಸೀಳಿದ್ದರೂ ಹೀಗೆಯೇ. ವರ್ಕ್‌ಶಾಪಿನಲ್ಲಿ ನಿಂತು ಗುಂಯ್‌ಗುಡುವ ಎಂಜಿನ್ನಿನಲ್ಲಿ ಒತ್ತಡವೇ ಇರುವುದಿಲ್ಲ. ಹಾಗಾಗಿ ದೋಷವೂ ಕಾಣದು. ಏರಿನಲ್ಲಿ, ಹೊರೆ ಇದ್ದಾಗ, ಹಿಂದೆ ಹಾಕುವಾಗ ಮಾತ್ರ ಕಾಣುತ್ತದೆ. ಅದನ್ನು ಕಂಡವರು ನೀವು, ಮೆಕ್ಯಾನಿಕ್ ಅಲ್ಲ. ಅದಕ್ಕೇ ನಿಮ್ಮ ಮಾತಿಗೆ ಬೆಲೆ.

ಹಾಲಿನ ಲೆಕ್ಕದ ಹಾಗೆ ಬರೆದಿಡಿ

ಕಾರಿನಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಶಕ್ತಿ ಕುಂದಿದಾಗಲೆಲ್ಲ ಇಷ್ಟನ್ನು ಬರೆಯಿರಿ: ಎಂಜಿನ್ ಬಿಸಿಯಿತ್ತೇ, ತಣ್ಣಗಿತ್ತೇ? ಎಷ್ಟು ವೇಗ, ಯಾವ ಗೇರು? ಏರೋ, ಸಮವೋ? ಎಷ್ಟು ಜನ ಕೂತಿದ್ದಿರಿ? ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು? ಯಾವ ದೀಪ ಹತ್ತಿತು? ಶಿಳ್ಳೆಯೋ ಬುಸ್ ಸದ್ದೋ ಕೇಳಿಸಿತೇ? ಮತ್ತೆ ಸರಿಯಾದದ್ದು ಹೇಗೆ?

ಕೊನೆಯ ಪ್ರಶ್ನೆ ಮುಖ್ಯ. ಆರಿಸಿ ಹಚ್ಚಿದ ಕೂಡಲೇ ಸರಿಹೋದರೆ, ಎಂಜಿನ್ನಿನ ಕಂಪ್ಯೂಟರು ಏನೋ ತಪ್ಪು ಕಂಡು ತಾನಾಗಿ ಶಕ್ತಿ ತಗ್ಗಿಸಿರಬಹುದು. ಇದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ. ಹತ್ತು ನಿಮಿಷ ನಿಂತ ಮೇಲೆ ಸರಿಹೋದರೆ ಡೀಸೆಲ್ ಫಿಲ್ಟರ್ ಕಟ್ಟಿದೆಯೇ, ಟ್ಯಾಂಕಿನಲ್ಲಿ ಕಸವಿದೆಯೇ ಎಂದು ಅನುಮಾನಿಸಬೇಕು.

ಹೊಗೆಯನ್ನೂ ಗಮನಿಸಿ. ಕಪ್ಪು ಹೊಗೆ ಎಂದರೆ ಗಾಳಿ ಸಾಲದು, ಪಂಪ್ ಸ್ಟೌ ಮಸಿ ಕಾರಿದ ಹಾಗೆ. ನೀಲಿ ಎಂದರೆ ಆಯಿಲ್ ಸುಡುತ್ತಿದೆ. ಹೊಗೆಯೇ ಇಲ್ಲದೆ ಸೊರಗಿದರೆ ಡೀಸೆಲ್ ಸಾಲದಿರಬಹುದು. ಆದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಕಾರುಗಳಲ್ಲಿ ಹೊಗೆಯ ಮಸಿಯನ್ನು ಜಾಲರಿ ಹಿಡಿದಿಡುವುದರಿಂದ ಈ ಗುರುತು ಕಾಣದೆ ಇರಬಹುದು.

ಅಗ್ಗದ್ದು ಮೊದಲು

ಮೆಕ್ಯಾನಿಕ್‌ಗೆ ಈ ಕ್ರಮದಲ್ಲಿ ನೋಡಲು ಹೇಳಿ:

1. ಗಾಳಿಯ ಫಿಲ್ಟರ್. ಸುಗ್ಗಿಯಲ್ಲಿ ನಮ್ಮ ರಸ್ತೆಗಳ ಧೂಳು, ಹೊಟ್ಟು ಕೇಳಬೇಕೆ!

2. ಟರ್ಬೋದ ರಬ್ಬರ್ ಪೈಪುಗಳು, ಕ್ಲಿಪ್ಪುಗಳು. ಸಂದಿನಲ್ಲಿ ಎಣ್ಣೆಯ ಜಿಡ್ಡು ಹೊಸದಾಗಿ ಕಂಡರೆ ಅಲ್ಲಿ ಗಾಳಿ ಸೋರುತ್ತಿರಬಹುದು.

3. ಟರ್ಬೋ ನಿಯಂತ್ರಿಸುವ ಸಣ್ಣ ನಿರ್ವಾತ ನಳಿಗೆಗಳು. ಬಿಸಿಗೆ ಒಣಗಿ ಬಿರಿಯುತ್ತವೆ.

4. ಡೀಸೆಲ್ ಫಿಲ್ಟರ್, ಅದರಲ್ಲಿ ನಿಂತ ನೀರು.

5. ಸ್ಕ್ಯಾನರ್. ಕೋಡ್ ಅಳಿಸುವ ಮುಂಚೆ ಫೋಟೋ ತೆಗೆದುಕೊಳ್ಳಿ. ನೆನಪಿರಲಿ, ನೋವು ಎಲ್ಲಿ ಎಂಬುದನ್ನು ಕೋಡ್ ಹೇಳೀತು, ಯಾಕೆ ಎಂಬುದನ್ನಲ್ಲ.

6. ಸ್ಕ್ಯಾನರ್ ಹಾಕಿಕೊಂಡೇ ರಸ್ತೆಯ ಮೇಲೆ ಓಡಿಸಿ ನೋಡುವುದು. ಚಾಮುಂಡಿಬೆಟ್ಟದಂಥ ಏರಿನಲ್ಲಿ ಎಂಜಿನ್ ಕೇಳಿದ ಗಾಳಿಯೊತ್ತಡ, ಡೀಸೆಲ್ ಒತ್ತಡ ನಿಜವಾಗಿ ಸಿಗುತ್ತಿದೆಯೇ ಎಂದು ಆಗ ತಿಳಿಯುತ್ತದೆ.

ಇಷ್ಟಾದ ಮೇಲೆ ಟರ್ಬೋ ಮಾತು. ಅದರಲ್ಲೂ ಪೇಟೆಯೊಳಗೇ ನಾಲ್ಕು ಹೆಜ್ಜೆ ಓಡುವ ಕಾರಿನಲ್ಲಿ ಮಸಿ ಕೂತು ಟರ್ಬೋದ ರೆಕ್ಕೆಗಳು ಅಂಟಿಕೊಳ್ಳುವುದುಂಟು. ಕೆಲವೊಮ್ಮೆ ಶುಚಿ ಮಾಡಿದರೇ ಸಾಕು.

ಮರೆಯಬೇಡಿ

ಕಾರು ಸೊರಗಿದರೆ ಹಿಂದೆ ಹಾಕುವ ಯೋಚನೆ ಬಿಡಿ. ಎಡಕ್ಕೆ ಸಿಗ್ನಲ್ ಹಾಕಿ ನಿಧಾನವಾಗಿ ಪಕ್ಕಕ್ಕೆ ಬನ್ನಿ. ಓಡುತ್ತಿರುವಾಗ ಎಂಜಿನ್ ಆರಿಸಕೂಡದು. ಬ್ರೇಕು, ಸ್ಟೀರಿಂಗು ಎರಡೂ ಬಿಗಿಯಾಗುತ್ತವೆ. ಕೆಂಪು ಆಯಿಲ್ ದೀಪ ಹತ್ತಿದರೆ ಸುರಕ್ಷಿತವಾಗಿ ನಿಲ್ಲಿಸಿ ಆರಿಸಿಬಿಡಿ, ಮತ್ತೆ ಹಚ್ಚಬೇಡಿ. ಡೀಸೆಲ್ ಪೈಪುಗಳಿಗೆ ನೀವಾಗಿ ಕೈಹಾಕಬೇಡಿ, ಈಗಿನ ಕಾರುಗಳಲ್ಲಿ ಅಲ್ಲಿನ ಒತ್ತಡ ಸಾವಿರ ಕುಕ್ಕರಿಗೂ ಮಿಗಿಲು.

ರಸ್ತೆಯ ಮೇಲೆ ಒಕ್ಕಣೆಗೆ ಹರಡಿದ ಹುರುಳಿ ಸೊಪ್ಪಿನ ಮೇಲೆ ಹಾದು ಬಂದಿದ್ದರೆ ಇಳಿದು ಕೆಳಗೆ ಇಣುಕಿ. ಬಿಸಿ ಸೈಲೆನ್ಸರಿಗೆ ಸುತ್ತಿಕೊಂಡ ಒಣಸೊಪ್ಪು ಬೆಂಕಿ ಹತ್ತಿಕೊಂಡೀತು. ದೂರ ಓಡಿ ಬಂದ ಮೇಲೆ ಅರ್ಧ ನಿಮಿಷ ಎಂಜಿನ್ ತಣ್ಣಗೆ ಓಡಲು ಬಿಟ್ಟು ಆರಿಸಿ. ಆಯಿಲ್ಲನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿ. ಮುಂದಿನ ಸಲ ವರ್ಕ್‌ಶಾಪಿಗೆ ಹೋಗುವಾಗ ಆ ಪುಟ್ಟ ಪುಸ್ತಕವನ್ನೂ ಕೈಯಲ್ಲಿ ಹಿಡಿದು ಹೋಗಿ. ಕೇಳುವ ದನಿಯೇ ಬೇರೆಯಾಗುತ್ತದೆ, ನೋಡಿ!