ತೋಟದ ಹಣ್ಣು ಮೊದಲು ಮನೆಯ ತಾಟಿಗೆ

ಮೂರು ವರ್ಷದ ಹಿಂದಿನ ಮಾತು. ಮುದ್ದೇಬಿಹಾಳ ತಾಲ್ಲೂಕಿನ ನಮ್ಮ ಎರಡೆಕರೆ ದಾಳಿಂಬೆ ತೋಟದಲ್ಲಿ ಕಟಾವು ನಡೆದಿತ್ತು. ವ್ಯಾಪಾರಿ ದೊಡ್ಡದು, ಬಣ್ಣದ್ದು ಆರಿಸಿ ಕ್ರೇಟಿಗೆ ಹಾಕಿಸಿದ. ಸಣ್ಣದು, ಕಲೆ ಬಿದ್ದದ್ದು ಬದಿಗೆ ಬಿತ್ತು. ಆ ರಾಶಿಗೆ ಮೊಮ್ಮಗಳು ಕೈ ಹಾಕಿದಳು. ನನ್ನಾಕೆ ಓಡಿಬಂದು ಕಸಿದುಕೊಂಡಳು. “ತಿನಬ್ಯಾಡವ್ವಾ, ಮೊನ್ನೆರೆ ಎಣ್ಣಿ ಹೊಡದೈತಿ.”

“ಮತ್ತ ಪ್ಯಾಟ್ಯಾಗಿನ ಹುಡುಗ್ರು ತಿಂದ್ರ ನಡೀತೈತೇನ ಆಯಿ?”

ನಮ್ಮಿಬ್ಬರಿಗೂ ಉತ್ತರ ಹೊಳೆಯಲಿಲ್ಲ. ಗಾಡಿ ಪೇಟೆಗೆ ಹೋಯಿತು, ಬದಿಗೆ ಬಿದ್ದದ್ದು ತಿಪ್ಪೆಗೆ ಹೋಯಿತು. ಹಣ್ಣು ಬೆಳೆಯುವವರ ಮನೆಯಲ್ಲೇ ತಿನ್ನಲು ಹಣ್ಣಿಲ್ಲ!

ಔಷಧದ ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ಕೊನೆಯ ಸಿಂಪರಣೆಗೂ ಕಟಾವಿಗೂ ಎಷ್ಟು ದಿನದ ಅಂತರ ಬೇಕೆಂದು ಬರೆದಿರುತ್ತದೆ. ಅದನ್ನು ನಾನು ಓದಿದ್ದೇ ಆಮೇಲೆ. ಈಗ ಹೊಡೆದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇನೆ. ಅಂತರ ಮುಗಿಯದೆ ಹಣ್ಣು ಹರಿಯುವುದಿಲ್ಲ. ಹರಿದ ದಿನ ಮೊದಲ ಬುಟ್ಟಿ ಮನೆಗೆ. ಅದರಲ್ಲಿ ನಾವು ಮಾಡುವುದು ಹಣ್ಣಿನ ಪಚಡಿ. ಪೇಟೆಯವರು ಇದಕ್ಕೆ ಫ್ರೂಟ್ ಸಲಾಡ್ ಎನ್ನುತ್ತಾರೆ.

ಏನೇನು ಬೇಕು?

ಐದಾರು ಮಂದಿಗೆ ಅರ್ಧ ಕಿಲೋ ಪಪ್ಪಾಯಿ, ಎರಡು ಪೇರಲ, ಎರಡು ಬಾಳೆಹಣ್ಣು, ಎರಡು ಸಣ್ಣ ದಾಳಿಂಬೆ, ಒಂದು ಲಿಂಬೆಹಣ್ಣು ಸಾಕು. ಲಿಂಬೆಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಇಂಡಿಯ ಲಿಂಬೆ ಎಲ್ಲ ಕಡೆ ಹೆಸರಾದದ್ದೇ. ಶಿವರಾತ್ರಿ ಹೊತ್ತಿಗಾದರೆ ದ್ರಾಕ್ಷಿಯೂ ಸಿಗುತ್ತದೆ, ಒಂದು ಹಿಡಿ ಸೇರಿಸಬಹುದು. ಇದೇ ಹಣ್ಣು ಆಗಬೇಕೆಂದಿಲ್ಲ. ಹಿತ್ತಲಲ್ಲಿ ಇದ್ದದ್ದೇ ನಡೆಯುತ್ತದೆ.

ಮಾಡುವುದು ಹೇಗೆ?

ಹಣ್ಣನ್ನು ಕೊಯ್ಯುವ ಮೊದಲೇ ಹರಿಯುವ ನೀರಿನಲ್ಲಿ ತಿಕ್ಕಿ ತೊಳೆಯಿರಿ. ಈಳಿಗೆಯನ್ನೂ ತೊಳೆಯಿರಿ. ಇಲ್ಲದಿದ್ದರೆ ಸಿಪ್ಪೆಯ ಹೊಲಸು ಈಳಿಗೆಗೆ ಹತ್ತಿ ತಿರುಳಿಗೆ ಹೋಗುತ್ತದೆ. ಆದರೆ ಒಂದು ಮಾತು: ಹಣ್ಣಿನ ಒಳಗೆ ಸೇರಿದ ಔಷಧ ತೊಳೆದರೆ ಹೋಗುವುದಿಲ್ಲ. ಅದಕ್ಕೆ ಕ್ಯಾಲೆಂಡರಿನ ಗುರುತೇ ಮದ್ದು.

ಪೇರಲ, ಪಪ್ಪಾಯಿ ಹೆಚ್ಚಿ ಮೇಲೆ ಲಿಂಬೆ ಹಿಂಡಿ. ಬಾಳೆಹಣ್ಣು ಕೊನೆಗೆ ಹೆಚ್ಚಿ ಕೂಡಲೇ ಕಲಸಿ. ಹೆಚ್ಚಿದ ಹಣ್ಣಿಗೆ ಗಾಳಿ ತಾಗಿದರೆ ಕಪ್ಪಾಗುತ್ತದೆ. ಲಿಂಬೆಯ ಹುಳಿ ಅದನ್ನು ತಡೆಯುತ್ತದೆ.

ದಾಳಿಂಬೆ ಬಿಡಿಸಲು ಬೇಸರವೇ? ಸಿಪ್ಪೆಗೆ ನಾಲ್ಕು ಗೀರು ಹಾಕಿ ನೀರಿನ ಪಾತ್ರೆಯೊಳಗೇ ಬಿಡಿಸಿ. ಕಾಳು ತಳಕ್ಕೆ ಕೂಡುತ್ತವೆ, ಬಿಳಿ ಪೊರೆ ತೇಲುತ್ತದೆ. ಅಂಗಿಗೆ ಕಲೆಯೂ ಇಲ್ಲ.

ಉಪ್ಪು, ಮೆಣಸಿನ ಪುಡಿ ಚಿಟಿಕೆಯಷ್ಟು, ಅದೂ ತಿನ್ನುವಾಗ. ಮೊದಲೇ ಹಾಕಿದರೆ ನೀರು ಬಿಟ್ಟು ಜೋಲು ಬೀಳುತ್ತದೆ. ಸಕ್ಕರೆ ಬೇಡವೇ ಬೇಡ, ಹಣ್ಣಿನದ್ದೇ ಸಿಹಿ ಇದೆ. ಹುರಿದ ಶೇಂಗಾ ಕುಟ್ಟಿ ಎರಡು ಚಮಚ ಉದುರಿಸಿದರೆ ಮಕ್ಕಳು ತಾಟು ನೆಕ್ಕುತ್ತಾರೆ. ನಮ್ಮ ಕಡೆಯ ಬಿಸಿಲಿಗೆ ಹೆಚ್ಚಿದ ಹಣ್ಣು ಬಹಳ ಹೊತ್ತು ತಾಳದು. ತಿನ್ನುವಷ್ಟೇ ಹೆಚ್ಚಿ, ಕೂಡಲೇ ತಿನ್ನಿ.

ಯಾವುದು ಬೇಡ?

ಸಿಪ್ಪೆಯ ಮೇಲೆ ಬರೀ ಕಲೆ ಇದ್ದ ದಾಳಿಂಬೆಯನ್ನು ಒಡೆದು ನೋಡಿ. ಕಾಳು ಕೆಂಪಗೆ, ಗಟ್ಟಿಯಾಗಿದ್ದರೆ ಚಲೋ. ಕಂದಿದ್ದರೆ, ವಾಸನೆ ಬಂದರೆ ಎಸೆಯಿರಿ. ಬಿರುಕು ಬಿಟ್ಟ ಹಣ್ಣಿನೊಳಗೆ ಬೂಸ್ಟು, ಹುಳ ಹೊಕ್ಕಿರುತ್ತವೆ. ಅದು ತಿಪ್ಪೆಗೇ ಸರಿ. ಸಕ್ಕರೆ ಕಾಯಿಲೆ ಇದ್ದವರು ಬಾಳೆಹಣ್ಣು ಕಡಿಮೆ ಮಾಡಿ, ಪೇರಲ ಹೆಚ್ಚು ಮಾಡಿಕೊಳ್ಳಲಿ, ಎಷ್ಟು ತಿನ್ನಬೇಕೆಂದು ಡಾಕ್ಟರರನ್ನು ಕೇಳಲಿ.

ಯಾಕೆ ತಿನ್ನಬೇಕು?

ದಿನಕ್ಕೆ ಒಬ್ಬರಿಗೆ 100 ಗ್ರಾಂ ಹಣ್ಣು ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. 100 ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವ ಇದೆ, ಲಿಂಬೆಗಿಂತ ಎಷ್ಟೋ ಹೆಚ್ಚು. ರೊಟ್ಟಿ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳಲು ಈ ಸತ್ವ ನೆರವಾಗುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಊಟದ ಜೊತೆಗೇ ತಿಂದರೆ ಲಾಭ ಹೆಚ್ಚು. ಆದರೆ ಡಾಕ್ಟರು ಕೊಟ್ಟ ಗುಳಿಗೆ ಬಿಡಬಾರದು.

ಈಗ ಮೊಮ್ಮಗಳು ತಾನೇ ಕ್ಯಾಲೆಂಡರ್ ನೋಡಿ ಬಂದು ಕೇಳುತ್ತಾಳೆ: “ಮುತ್ಯಾ, ಇವತ್ತ ತಿನಬಹುದಲ್ಲ?” ಅವಳಿಗೆ ಹೂಂ ಅನ್ನುವ ದಿನವೇ ನಮ್ಮ ಗಾಡಿ ಪೇಟೆಗೆ ಹೊರಡುತ್ತದೆ.