ಶುಗರ್, ಬಿ12 ಮತ್ತು ಕಣ್ಣು: ವಿಟಮಿನ್ ಮಾತ್ರೆ ನುಂಗಿದರೆ ಸಾಕಾ?

(ಪಾಡ್‌ಕಾಸ್ಟ್‌ನ ಬರಹ ರೂಪ)

ಕಡೂರು, ತರೀಕೆರೆ, ಅಜ್ಜಂಪುರ ಕಡೆಯಿಂದ ಕೇಳ್ತಿರೋ ಎಲ್ಲರಿಗೂ ಇವತ್ತು ಒಂದು ಪ್ರಶ್ನೆ. ನಿಮ್ಮ ಅಪ್ಪನಿಗೋ ಅಮ್ಮನಿಗೋ ಶುಗರ್ ಇದ್ಯಾ? ಇದ್ದರೆ, ಡಾಕ್ಟರ್ ಅವರ ಕಣ್ಣಿನ ಒಳಭಾಗ ನೋಡಿದ್ದು ಕೊನೆಯ ಸಲ ಯಾವಾಗ? "ನಂಗೆ ಚೆನ್ನಾಗೇ ಕಾಣುತ್ತೆ, ಆಸ್ಪತ್ರೆಗೆ ಯಾಕೆ" ಅಂತಾರೆ ಅಲ್ವಾ? ಅಪಾಯ ಇರೋದೇ ಅಲ್ಲಿ.

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅನ್ನೋ ತೆಳುವಾದ ಪರದೆ ಇದೆ. ಅದಕ್ಕೆ ರಕ್ತ ತರೋದು ಕೂದಲಿಗಿಂತ ಸಣ್ಣ ನಾಳಗಳು. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಈ ನಾಳಗಳ ಗೋಡೆ ದುರ್ಬಲವಾಗುತ್ತದೆ. ಕೆಲವು ಸೋರುತ್ತವೆ, ಕೆಲವು ಮುಚ್ಚಿಹೋಗುತ್ತವೆ. ಆಮೇಲೆ ಹೊಸ ನಾಳಗಳು ಹುಟ್ಟುತ್ತವೆ, ಆದರೆ ಅವು ಬಲ ಇಲ್ಲದವು. ಒಡೆದು ಕಣ್ಣೊಳಗೆ ರಕ್ತ ತುಂಬಬಹುದು. ಇದೇ ಡಯಾಬಿಟಿಕ್ ರೆಟಿನೋಪತಿ. ಶುರುವಿನಲ್ಲಿ ನೋವಿಲ್ಲ, ಮಂಜಿಲ್ಲ, ಏನೂ ಗೊತ್ತಾಗಲ್ಲ. 2015ರಿಂದ 2019ರವರೆಗೆ ದೇಶದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 50 ವರ್ಷ ದಾಟಿದ ಮಧುಮೇಹಿಗಳಲ್ಲಿ ನೂರಕ್ಕೆ ಸುಮಾರು 17 ಮಂದಿಗೆ ಈ ತೊಂದರೆ ಇತ್ತು.

ಇದರಲ್ಲಿ ವಿಟಮಿನ್ ಎಲ್ಲಿಂದ ಬಂತು?

ನಾವು ತಿನ್ನೋ ಪ್ರೋಟೀನ್ ದೇಹದಲ್ಲಿ ಬಳಕೆಯಾಗುವಾಗ ಹೋಮೋಸಿಸ್ಟೀನ್ ಅನ್ನೋ ವಸ್ತು ಉಂಟಾಗುತ್ತದೆ. ಅದನ್ನು ಮತ್ತೆ ಉಪಯೋಗಕ್ಕೆ ಬರೋ ಹಾಗೆ ಬದಲಾಯಿಸಲು ಬಿ12 ಮತ್ತು ಫೋಲೇಟ್ ಬೇಕು. ಇನ್ನೊಂದು ದಾರಿಯಲ್ಲಿ ಕರಗಿಸಲು ಬಿ6 ಬೇಕು. ಬಿ12 ಕಡಿಮೆಯಾದರೆ ಹೋಮೋಸಿಸ್ಟೀನ್ ರಕ್ತದಲ್ಲೇ ಉಳಿಯುತ್ತದೆ. ಜಾಸ್ತಿಯಾದರೆ ರಕ್ತನಾಳಗಳ ಒಳಪದರಕ್ಕೆ ಪೆಟ್ಟು. ಸಕ್ಕರೆಯಿಂದ ಮೊದಲೇ ಸೊರಗಿದ ನಾಳಕ್ಕೆ ಇದು ಎರಡನೇ ಏಟು ಇರಬಹುದು ಅನ್ನೋದು ವಿಜ್ಞಾನಿಗಳ ಅನುಮಾನ.

ಹೈದರಾಬಾದ್‌ನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಾಣಿಸಿತು. ರೆಟಿನೋಪತಿ ಇದ್ದ ಮಧುಮೇಹಿಗಳಲ್ಲಿ, ಅದು ಇಲ್ಲದವರಿಗಿಂತ ಹೋಮೋಸಿಸ್ಟೀನ್ ಜಾಸ್ತಿ, ಬಿ12 ಕಡಿಮೆ. ಆದರೆ ಗಮನಿಸಿ: ಎರಡೂ ಜೊತೆಗೆ ಕಂಡವು ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಂತಲ್ಲ.

ಮೆಟ್‌ಫಾರ್ಮಿನ್ ನುಂಗೋರು ಕೇಳಿ

ಶುಗರ್‌ಗೆ ಎಲ್ಲರಿಗಿಂತ ಮೊದಲು ಬರೆದುಕೊಡೋ ಮಾತ್ರೆ ಮೆಟ್‌ಫಾರ್ಮಿನ್. ಒಳ್ಳೆಯ ಔಷಧಿ. ಆದರೆ ವರ್ಷಗಟ್ಟಲೆ ತಗೊಂಡರೆ ಕರುಳು ಬಿ12 ಹೀರಿಕೊಳ್ಳೋದು ಕಡಿಮೆಯಾಗಬಹುದು. ಲಿವರ್‌ನಲ್ಲಿ ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಗೊತ್ತಾಗುತ್ತದೆ. ಕಾಲು ಜುಮ್ಮೆನ್ನೋದು, ಮರಗಟ್ಟೋದು, ಸುಸ್ತು, ಎಲ್ಲವನ್ನೂ "ಶುಗರ್‌ದೇ ಇರಬೇಕು" ಅಂತ ಬಿಟ್ಟುಬಿಡ್ತೀವಿ. ತುಂಬಾ ಕೊರತೆಯಾದರೆ ಕಣ್ಣಿನಿಂದ ಮೆದುಳಿಗೆ ಹೋಗೋ ನರಕ್ಕೂ ಪೆಟ್ಟಾಗಬಹುದು. ಅದು ರೆಟಿನೋಪತಿಗಿಂತ ಬೇರೆಯದೇ ತೊಂದರೆ.

ಊಟದ ವಿಷಯ ನೋಡಿ. ರಾಗಿಮುದ್ದೆ, ಅವರೆಕಾಳಿನ ಸಾರು, ಸೊಪ್ಪು, ತೆಂಗಿನಕಾಯಿ, ಎಲ್ಲ ಒಳ್ಳೆಯದೇ. ಆದರೆ ಇವುಗಳಲ್ಲಿ ಬಿ12 ಇಲ್ಲ. ಅದನ್ನು ತಯಾರಿಸೋದು ಬ್ಯಾಕ್ಟೀರಿಯಾ. ಅಜ್ಜಂಪುರದ ಅಮೃತಮಹಲ್ ಹಸುವಿರಲಿ, ನಿಮ್ಮ ಕೊಟ್ಟಿಗೆಯ ಎಮ್ಮೆಯಿರಲಿ, ಅದರ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾ ಮಾಡಿದ ಬಿ12 ಹಾಲು, ಮೊಸರಿನ ಮೂಲಕ ನಮಗೆ ಬರುತ್ತದೆ. ಮೊಟ್ಟೆ, ಮೀನು, ಮಾಂಸದಲ್ಲೂ ಇದೆ. ಸಸ್ಯಾಹಾರಿಯಾಗಿದ್ದು ಹಾಲು ಮೊಸರೂ ಕಡಿಮೆ, ಜೊತೆಗೆ ಹಲವು ವರ್ಷದಿಂದ ಮೆಟ್‌ಫಾರ್ಮಿನ್ ಅಂದರೆ, ಬಿ12 ರಕ್ತ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರ್‌ನ ಕೇಳಿ. ಮಾತ್ರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಹಾಗಾದರೆ ವಿಟಮಿನ್ ಡಬ್ಬಿ ತಗೊಂಡುಬಿಡೋಣವಾ?

ಬೇಡ. ಕೆನಡಾದಲ್ಲಿ ಮಧುಮೇಹದಿಂದ ಕಿಡ್ನಿ ತೊಂದರೆಯಾಗಿದ್ದ 238 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. ಅರ್ಧ ಜನಕ್ಕೆ ದೊಡ್ಡ ಪ್ರಮಾಣದಲ್ಲಿ ಫೋಲಿಕ್ ಆಸಿಡ್, ಬಿ6, ಬಿ12 ಕೊಟ್ಟರು. ಹೋಮೋಸಿಸ್ಟೀನ್ ಇಳಿಯಿತು. ಆದರೆ ಅವರ ಕಿಡ್ನಿ ಇನ್ನೂ ಬೇಗ ಹಾಳಾಯಿತು, ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಗಳೂ ಅವರಲ್ಲೇ ಜಾಸ್ತಿ. ಕೊರತೆ ಇದ್ದರೆ ತುಂಬಬೇಕು, ನಿಜ. ಕೊರತೆ ಇಲ್ಲದೆ ಸುರಿದುಕೊಂಡರೆ ಲಾಭ ಇಲ್ಲ, ಕೆಲವರಿಗೆ ನಷ್ಟವೇ ಆಗಬಹುದು.

ಕಣ್ಣು ಉಳಿಸುತ್ತದೆ ಅಂತ ಸಾಬೀತಾಗಿರೋದು ಬೇರೆ. ಅಮೆರಿಕ ಮತ್ತು ಕೆನಡಾದಲ್ಲಿ ಟೈಪ್ 1 ಮಧುಮೇಹಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸಕ್ಕರೆ ಬಿಗಿಯಾಗಿ ಹಿಡಿತದಲ್ಲಿ ಇಟ್ಟವರಿಗೆ ರೆಟಿನೋಪತಿ ಹೊಸದಾಗಿ ಬರುವ ಅಪಾಯ ಶೇ 76ರಷ್ಟು ಕಡಿಮೆಯಾಯಿತು. ಟೈಪ್ 2 ಇದ್ದವರಿಗೂ ಸಕ್ಕರೆ ಮತ್ತು ಬಿಪಿ ಹಿಡಿತದಿಂದ ಲಾಭ ಇದೆ. ಬೇಗ ಗೊತ್ತಾದರೆ ಲೇಸರ್ ಇದೆ, ಕಣ್ಣಿಗೆ ಕೊಡೋ ಇಂಜೆಕ್ಷನ್ ಇದೆ. ಆದರೆ ಹೋದ ದೃಷ್ಟಿ ಪೂರ್ತಿ ವಾಪಸ್ ತರೋದು ಕಷ್ಟ.

ಈ ವಾರ ಏನು ಮಾಡಬಹುದು?

ಟೈಪ್ 2 ಶುಗರ್ ಅಂತ ಗೊತ್ತಾದ ಕೂಡಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಆಗಬೇಕು. ಕನ್ನಡಕದ ಅಂಗಡಿಯ ನಂಬರ್ ಚೆಕ್ ಇದಲ್ಲ. ಕಡೂರು ಅಥವಾ ತರೀಕೆರೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರ್ ಯಾವ ದಿನ ಸಿಗ್ತಾರೆ ಅಂತ ಮೊದಲು ವಿಚಾರಿಸಿ. ಮುಂದಿನ ಚಿಕಿತ್ಸೆ ಬೇಕಾದರೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇವೆ. ತರೀಕೆರೆಯವರಿಗೆ ಶಿವಮೊಗ್ಗಕ್ಕೆ ರೈಲೂ ಇದೆ.

ಪರೀಕ್ಷೆಗೆ ಡ್ರಾಪ್ಸ್ ಹಾಕಿ ಕಣ್ಣಿನ ಪಾಪೆ ಹಿಗ್ಗಿಸ್ತಾರೆ. ಆಮೇಲೆ ಕೆಲವು ಗಂಟೆ ಮಂಜು ಮಂಜು, ಬೆಳಕು ಕುಕ್ಕುತ್ತದೆ. ಹಾಗಾಗಿ ಅಪ್ಪನೊಬ್ಬರನ್ನೇ ಬೈಕಿನಲ್ಲಿ ಕಳಿಸಬೇಡಿ, ನೀವೇ ಕರ್ಕೊಂಡು ಹೋಗಿ. ಈಗಲೇ ಫೋನ್ ತೆಗೆದು ಒಂದು ದಿನ ಗೊತ್ತು ಮಾಡಿ, ರಿಮೈಂಡರ್ ಹಾಕಿಡಿ. ಮುಂದಿನ ಕಂತಿನಲ್ಲಿ ಸಿಗೋಣ.